ಹರಟೆಮಲ್ಲಗಳ ಸಾಕ್ಷಿ

ಕಾಡಿನ ಕೆರೆಯ ದಂಡೆಯಲ್ಲಿ ಒಂದು ಬಿಲ. ಬಿಲದ ಬಾಯಿಗೆ ಬಂಡೆ. ಬಂಡೆಯ ಹಿಂದೆ ಬೂದಪ್ಪನೆಂಬ ಮುಂಗುಸಿ, ಹೊರಗೆ ಅವನ ಹೆಂಡತಿ ಕೆಂಚವ್ವ. ಮೋಡ ಕಪ್ಪಾಗಿ ಕವಿದಿತ್ತು ಮಕ್ಕಳೇ. ಮಳೆ ಬಂದರೆ ಕೆರೆಯ ನೀರು ನೇರ ಆ ಬಿಲಕ್ಕೇ ನುಗ್ಗುವುದು.

ಅವನು ಒಳಗೆ ಹೋದದ್ದು ಹೇಗೆ ಅಂತೀರಾ? ಕಾಡುಕೋಳಿಯ ಮೊಟ್ಟೆ ಕಳುವಾಯಿತು. "ಮುಂಗುಸಿಯೇ ಕದ್ದದ್ದು, ನಾನು ಕಂಡೆ" ಎಂದು ಸಾಕವ್ವನೆಂಬ ಹರಟೆಮಲ್ಲ ಹಕ್ಕಿ ಕಿರುಚಿದಳು. ಆ ಹಕ್ಕಿಗಳ ಪದ್ಧತಿ ಗೊತ್ತಲ್ಲ, ಒಬ್ಬಳು ಕೂಗಿದರೆ ಇಡೀ ಬಳಗ ಕೂಗಬೇಕು. "ನಾನೂ ಕಂಡೆ, ನಾನೂ ಕಂಡೆ!" ನ್ಯಾಯ ಹೇಳುವ ಕಾಡುಕೋಣ ದೊಡ್ಡಯ್ಯ ಇಷ್ಟು ಸಾಕ್ಷಿ ಸಾಕೆಂದು ಬೂದಪ್ಪನನ್ನು ಬಿಲಕ್ಕೆ ಹಾಕಿ ಕೊಂಬಿನಿಂದ ಬಂಡೆ ನೂಕಿಯೇ ಬಿಟ್ಟ. ಅದನ್ನು ಸರಿಸುವ ಶಕ್ತಿ ಬೇರೆ ಯಾರಿಗಿದೆ?

ಕೆಲವು ದಿನ ಕಳೆದ ಮೇಲೆ ಮತ್ತೆ ಮೊಟ್ಟೆ ಹೋಯಿತು. ಕೆಂಚವ್ವ ಪಕ್ಕದ ಕೆಸರುಗುಂಡಿಯಲ್ಲಿ ಕೂತಿದ್ದ ದೊಡ್ಡಯ್ಯನ ಬಳಿ ಓಡಿದಳು.

"ದೊಡ್ಡಯ್ಯ, ನನ್ನ ಗಂಡ ಒಳಗಿದ್ದಾನೆ. ಈಗ ಕದ್ದವರು ಯಾರು?"

"ಅವನ ಜೊತೆಗಾರರು ಯಾರೋ ಇರಬೇಕು," ಎಂದ ಕೋಣ ಮೆಲುಕು ಹಾಕುತ್ತ. "ನಾನು ನೂಕಿದ ಬಂಡೆ ನಾನೇ ಸರಿಸಿದರೆ ನನ್ನ ಮರ್ಯಾದೆ ಏನಾಗಬೇಕಮ್ಮ?"

ಮರ್ಯಾದೆಯಂತೆ, ಮೈತುಂಬಾ ಕೆಸರು ಬಳಿದುಕೊಂಡು ಕೂತವನಿಗೆ.

ಅಷ್ಟರಲ್ಲಿ ಮಳೆ ಶುರುವಾಯಿತು. ಕೆಂಚವ್ವ ಹರಟೆಮಲ್ಲಗಳಲ್ಲಿ ಚಿಕ್ಕವಳನ್ನು ಪೊದೆಯ ಹಿಂದೆ ಕರೆದಳು.

"ನಿಜ ಹೇಳು ತಾಯಿ, ನೀನು ಏನು ಕಂಡೆ?"

"ನಾನೆಲ್ಲಿ ಕಂಡೆ ಚಿಕ್ಕಮ್ಮ? ಅಕ್ಕ ಕೂಗಿದಳು, ಕೂಗಿದೆ. ಸುಮ್ಮನಿದ್ದರೆ ಮಲಗುವಾಗ ಒತ್ತಿಕೊಳ್ಳೋಕೆ ಜಾಗ ಕೊಡ್ತಾರಾ?"

"ಇದನ್ನೇ ದೊಡ್ಡಯ್ಯನ ಮುಂದೆ ಹೇಳು."

"ಅಯ್ಯೋ, ನನ್ನಿಂದಾಗದು."

ಬಿಲದಿಂದ ಬೂದಪ್ಪನ ದನಿ ಬಂತು: "ಕೆಂಚೀ, ಹೊಟ್ಟೆಯವರೆಗೂ ನೀರು ಬಂತು ಕಣೇ."

ಕೆಂಚವ್ವನ ಕಣ್ಣಿಗೆ ಕೋಣನ ಕಾಲ ಬಳಿ ಬಿದ್ದಿದ್ದ ಒಣ ಬಳ್ಳಿ ಕಂಡಿತು. ಹುಲ್ಲಿನಲ್ಲಿ ಅಡಗಿ, ಅದರ ತುದಿ ಕಚ್ಚಿ ಸರ್ರನೆ ಎಳೆದಳು.

"ಹಾವು! ನಾನು ಕಂಡೆ," ಎಂದು ಸಾಕವ್ವ ಕಿರುಚಿದಳು.

"ಹೆಡೆ ಎತ್ತಿತು, ನಾನೂ ಕಂಡೆ."

"ಕಪ್ಪೆ ನುಂಗಿತು, ನಾನೂ ಕಂಡೆ."

ದೊಡ್ಡಯ್ಯ ಅಷ್ಟು ದೊಡ್ಡ ಮೈ ಹೊತ್ತು ಎಗರಿದ್ದನ್ನು ನೀವು ನೋಡಬೇಕಿತ್ತು. ಕೆಂಚವ್ವ ಬಳ್ಳಿಯನ್ನು ತಂದು ಅವನ ಮುಂದೆ ಹಾಕಿದಳು.

"ಕಪ್ಪೆ ನುಂಗಿದ ಹಾವು ಇದೇ ದೊಡ್ಡಯ್ಯ. ನನ್ನ ಗಂಡನನ್ನು ಒಳಗೆ ಹಾಕಿಸಿದ್ದೂ ಇವೇ ಕಣ್ಣುಗಳು."

ಕೋಣ ಸಾಕವ್ವನನ್ನು ಒಬ್ಬಳನ್ನೇ ಹತ್ತಿರ ಕರೆದ.

"ಅವತ್ತು ಏನು ಕಂಡೆ?"

"ಪೊದೆ ಅಲ್ಲಾಡಿತು. ಬಾಲದ ಹಾಗೆ ಏನೋ..."

"ಏನೋ?"

"ಗಾಳಿಗೆ ಅಲ್ಲಾಡಿದ ಬಳ್ಳಿಯೂ ಇರಬಹುದು."

ಕೋಣ ದಂಡೆಗೆ ಓಡಿ ತಲೆ ತಗ್ಗಿಸಿ ಬಂಡೆ ಒತ್ತಿದ. ಬಂಡೆ ಉರುಳಿತು. ಒಳಗಿಂದ ಕೆಸರುನೀರು ಬಂತು, ಆಮೇಲೆ ಬೂದಪ್ಪ ಬಂದ, ಮೂಳೆಚಕ್ಕಳವಾಗಿ, ಕೆಮ್ಮುತ್ತ. ಕೆಂಚವ್ವ ಅವನ ಮೈ ನೆಕ್ಕತೊಡಗಿದಳು.

ಇನ್ನು ಮುಂದೆ ಒಬ್ಬೊಬ್ಬರನ್ನೇ ಕರೆದು ಕೇಳುವುದೆಂದು ದೊಡ್ಡಯ್ಯ ಅಲ್ಲೇ ಸಾರಿದ. ಮೊಟ್ಟೆ ಕದ್ದವರು ಯಾರು? ಇವತ್ತಿಗೂ ಗೊತ್ತಿಲ್ಲ; ಬೂದಪ್ಪನೇ ಕಳ್ಳನೆಂದ ಮೇಲೆ ಯಾರು ತಾನೇ ಹುಡುಕಿದ್ದರು?

ಮೇಲಿನ ಕೊಂಬೆಯಲ್ಲಿ ಸಾಕವ್ವ ಗರಿ ಕೊಡವಿಕೊಂಡಳು. "ಬೂದಪ್ಪ ಒಳ್ಳೆಯವನೆಂದು ನನಗೆ ಮೊದಲೇ ಗೊತ್ತಿತ್ತು."

"ನನಗೂ ಗೊತ್ತಿತ್ತು, ನನಗೂ ಗೊತ್ತಿತ್ತು."

ಪೊದೆಯ ಹಿಂದೆ ನಿಜ ಹೇಳಿದ್ದ ಚಿಕ್ಕವಳು ಮಾತ್ರ ಕೂಗಲಿಲ್ಲ. ಹಾರಿಬಂದು ಬೂದಪ್ಪನ ಎದುರು ಮಳೆಯಲ್ಲಿ ಕೂತಳು.

ನೀತಿ: ಕಾಣದ್ದನ್ನು ಕಂಡೆ ಎನ್ನಬಾರದು, ಕೊಟ್ಟ ತೀರ್ಪು ತಪ್ಪೆಂದು ತಿಳಿದರೆ ಕೂಡಲೇ ತಿದ್ದಬೇಕು, ತಡಮಾಡಿದರೆ ಒಳಗಿರುವವನ ಜೀವ ಹೋಗುತ್ತದೆ.