ಗುಂಡಿಗೆ ಕಲಿತ ಮಾತು

ಲೋಕ ಹುಟ್ಟಿ ಅದರ ಹೊಕ್ಕುಳು ಕೂಡ ಇನ್ನೂ ಒಣಗಿರಲಿಲ್ಲ. ಆಗ ಯಾರ ಎದೆಯೊಳಗೆ ನೋಡಿದರೂ ಗುಂಡಿಗೆಯೆಂದರೆ ಒಂದೇ ಕೋಣೆಯ, ಬಾಗಿಲಿಲ್ಲದ ಮನೆ. ಮೈಯೆಲ್ಲ ಸುತ್ತಿ ದಣಿದ ರಕ್ತವೂ ಅಲ್ಲಿಗೇ ಬರುತ್ತಿತ್ತು, ಗಾಳಿ ಕುಡಿದ ಹೊಸ ರಕ್ತವೂ ಅಲ್ಲಿಗೇ ಬರುತ್ತಿತ್ತು. ಎರಡೂ ಕಲಸಿ ಕಲಗಚ್ಚಾಗುತ್ತಿತ್ತು. ಹಾಗಾಗಿ ಬಿಸಿಲಿದ್ದರೆ ಮೈ ಬಿಸಿ, ಬಿಸಿಲು ಹೋದರೆ ಮೈ ತಣ್ಣಗೆ.

ಒಂದು ಕಲ್ಲಿನ ಸಂದಿಯಲ್ಲಿ ಒಬ್ಬಳು ಸುಂಡಿಲಿಯಿದ್ದಳು. ಉದ್ದ ಮೂತಿ, ಹೆಬ್ಬೆರಳಷ್ಟು ಮೈ. ಚಳಿ ಅವಳ ಮರಿಗಳನ್ನು ಒಂದೊಂದಾಗಿ ಒಯ್ದಿತ್ತು. ಉಳಿದವಳು ಚಿಣ್ಣಿ ಒಬ್ಬಳೇ. ಸುಂಡಿಲಿ ಅವಳನ್ನು ಅಪ್ಪಿಕೊಂಡೇ ಮಲಗುತ್ತಿದ್ದಳು. ಆದರೆ ತಣ್ಣನೆಯ ತಾಯಿ ಅಪ್ಪಿಕೊಂಡರೇನು, ಬಿಟ್ಟರೇನು?

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಹೊರಟವರು "ಹೋಗ್ತೀನಿ" ಅನ್ನಬಾರದು, "ಹೋಗಿ ಬರ್ತೀನಿ" ಅನ್ನಬೇಕು. ಒಳಗಿದ್ದವರು "ಹೋಗಿ ಬಾ" ಅನ್ನಬೇಕು. ಸತ್ತ ಮರಿಗಳು ಏನೂ ಹೇಳದೆ ಹೋಗಿದ್ದವು. ಹೇಳಿದ್ದರೆ ಬರುತ್ತಿದ್ದವು ಎಂದೇ ಆ ಹುಚ್ಚು ತಾಯಿ ನಂಬಿದ್ದಳು.

ಒಂದು ಬೆಳಗ್ಗೆ ಚಿಣ್ಣಿಯ ಕಾಲು ಸೆಟೆದುಕೊಂಡಿತು.

"ಹೋಗಿ ಬರ್ತೀನಿ ಮಗಾ" ಎಂದಳು ಸುಂಡಿಲಿ.

"ಹೋಗಿ ಬಾ ಅವ್ವಾ" ಎಂದಳು ಚಿಣ್ಣಿ. ಅಷ್ಟು ಹೇಳುವುದಕ್ಕೇ ಅವಳಿಗೆ ಏದುಸಿರು ಬಂತು.

ಸುಂಡಿಲಿ ಗಾಳಿಯ ಹತ್ತಿರ ಓಡಿದಳು. "ಗಾಳಿಯಣ್ಣಾ, ನನ್ನ ಮಗೂಗೆ ಒಂಚೂರು ಬಿಸಿ ಕೊಡೋ."

"ನಾನು ಕೊಡೋದು ಉಸಿರು ಕಣಮ್ಮ. ಮೈಯೊಳಗೆ ಬಿಸಿಯಾಗೋದು ಅದೇ. ನೀನು ಅದನ್ನ ದಣಿದ ರಕ್ತದ ಜೊತೆ ಕಲಸಿ ಕೆಡಿಸ್ತೀಯಲ್ಲ" ಎಂದಿತು ಗಾಳಿ.

ಅವಳು ಹೊಳೆಯ ಹತ್ತಿರ ಓಡಿದಳು. "ಹೊಳೆಯಕ್ಕಾ, ಕಲಸದೆ ಹರಿಯೋದು ಹೇಗೆ?"

"ನಡುವೆ ಗೋಡೆ ಬೇಕು. ಹೋದದ್ದು ಹೋದ ದಾರೀಲೇ ವಾಪಸ್ ಬರಬಾರದು" ಎಂದು ಹೊಳೆ ನಿಲ್ಲದೆ ಹೋಯಿತು.

ಕೊನೆಗೆ ಸುಂಡಿಲಿ ತನ್ನ ಎದೆಗೇ ಮೂತಿ ಬಗ್ಗಿಸಿ ಬೇಡಿಕೊಂಡಳು. "ಗುಂಡಿಗೆಯಪ್ಪಾ, ಗೋಡೆ ಕಟ್ಟು."

"ಕಟ್ಟಬಹುದು" ಎಂದಿತು ಗುಂಡಿಗೆ. "ಬಲಕ್ಕೆ ದಣಿದ ರಕ್ತ, ಎಡಕ್ಕೆ ಹೊಸ ರಕ್ತ. ಎರಡೂ ಕಡೆ ಮೇಲೊಂದು ಕೋಣೆ, ಕೆಳಗೊಂದು ಕೋಣೆ. ಒಂದೇ ಕಡೆಗೆ ತೆರೆಯೋ ಬಾಗಿಲು. ಆದರೆ ಕೇಳು ತಾಯಿ, ಈಗ ಚಳಿ ಬಂದರೆ ನಾನೂ ತೂಕಡಿಸ್ತೀನಿ, ನೀನೂ ತೂಕಡಿಸ್ತೀಯ. ಗೋಡೆ ಕಟ್ಟಿದ ಮೇಲೆ ನನಗೆ ನಿದ್ದೆಯಿಲ್ಲ. ನಾನು ಮಲಗಿದ ದಿನ ನೀನಿಲ್ಲ."

"ಕಟ್ಟು" ಎಂದಳು ಸುಂಡಿಲಿ.

ಗುಂಡಿಗೆ ಕಟ್ಟಿತು. ಬಲಗಡೆಯ ರಕ್ತ ಶ್ವಾಸಕೋಶಕ್ಕೆ ಹೋಗಿ, ಗಾಳಿ ಕುಡಿದು, ಎಡಗಡೆಗೆ ಬಂತು. ಅದನ್ನು ಮೈಯ ತುದಿತುದಿಗೂ ತಳ್ಳುವ ಕೆಲಸ ಎಡಗಡೆಯ ಕೆಳಕೋಣೆಯದು. ಪಾಪ, ತಳ್ಳಿ ತಳ್ಳಿ ಅದರ ಗೋಡೆ ಎಲ್ಲಕ್ಕಿಂತ ದಪ್ಪವಾಯಿತು. ಸುಂಡಿಲಿಯ ಮೈ ಮೊದಲ ಸಲ ತಾನಾಗಿ ಬೆಚ್ಚಗಾಯಿತು. ಅವಳು ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿದಳು.

ಚಿಣ್ಣಿ ಕಲ್ಲಿನಷ್ಟೇ ತಣ್ಣಗಿದ್ದಳು. ಸುಂಡಿಲಿ ಅವಳನ್ನು ತಬ್ಬಿ ಮಲಗಿದಳು.

"ಅವ್ವಾ, ಎಷ್ಟು ಬೆಚ್ಚಗಿದ್ದೀಯ" ಎಂದಳು ಚಿಣ್ಣಿ, ಕಣ್ಣು ಬಿಡದೆ. ಆಮೇಲೆ "ಹೋಗಿ..." ಎಂದಳು.

ಸುಂಡಿಲಿ ಉಳಿದರ್ಧ ಮಾತಿಗೆ ಕಾದಳು. ಬಿಸಿಲು ಬಂದು ಕಲ್ಲು ಬೆಚ್ಚಗಾಯಿತು. ಚಿಣ್ಣಿ ಬೆಚ್ಚಗಾಗಲಿಲ್ಲ.

"ಬರ್ತೀನಿ ಅನ್ನೇ ಮಗಾ, ಅಂದುಬಿಡೇ" ಎಂದು ಅವಳನ್ನು ಅಲುಗಾಡಿಸಿದಳು. ಗೋಡೆ ಕಟ್ಟಿಸಿ ಏನು ಬಂತು? ಈ ಬೆಚ್ಚನೆಯ ಮೈಯಲ್ಲಿ ಇನ್ನು ಯಾರನ್ನು ಅಪ್ಪಿಕೊಳ್ಳುವುದು? "ಸಾಕು, ನೀನೂ ನಿಂತುಬಿಡು" ಎಂದು ಗುಂಡಿಗೆಗೆ ಪಿಸುಗುಟ್ಟಿದಳು.

ಗುಂಡಿಗೆ ನಿಲ್ಲಲಿಲ್ಲ. ಅದು ನಿಲ್ಲುವ ಹಾಗಿರಲಿಲ್ಲ. ತಾಯಿಯ ಬಾಯಿಗೆ ಬಾರದ ಮಾತನ್ನು ಅದೇ ಆಡತೊಡಗಿತು. ರಕ್ತವನ್ನು ಹೊರಗೆ ಕಳಿಸಲು ಒಳಬಾಗಿಲು ಮುಚ್ಚುವಾಗ "ಹೋಗಿ" ಎಂದಿತು. ಕಳಿಸಿ ಹೊರಬಾಗಿಲು ಮುಚ್ಚುವಾಗ "ಬಾ" ಎಂದಿತು. ಹೋಗಿ ಬಾ. ಹೋಗಿ ಬಾ. ರಕ್ತ ಪ್ರತಿ ಸಲವೂ ಬಂತು. ಚಿಣ್ಣಿ ಬರಲಿಲ್ಲ.

ಆಮೇಲೆ ಮರಿಗೆ ಹಾಲೂಡುವವರೆಲ್ಲ ಅಂಥದೇ ನಾಲ್ಕು ಕೋಣೆಯ ಗುಂಡಿಗೆ ಇಟ್ಟುಕೊಂಡರು. ಆನೆ, ಹಸು, ಬಾವಲಿ, ನಿನ್ನಮ್ಮ ಕೂಡ. ಅದಕ್ಕೇ ಮಗು, ಅಮ್ಮನ ಎದೆಗೆ ಕಿವಿಯಿಟ್ಟರೆ ಈಗಲೂ ಆ ಎರಡು ಸದ್ದು ಕೇಳಿಸುತ್ತದೆ. ನೀನು ಅವಳ ತೋಳಲ್ಲೇ ಇದ್ದರೂ ಅದು ಯಾರನ್ನೋ ಕರೆಯುತ್ತಲೇ ಇರುತ್ತದೆ.