ಹುರಿಗಾಳುರಾಯನ ಕಾಫಿ ಯಂತ್ರ

"ಕೇಳ್ರಪ್ಪೋ ಕೇಳಿ! ಹುರಿಗಾಳುರಾಯ ಮಹಾರಾಜರ ಅಪ್ಪಣೆ! ಅರಮನೆಯ ಕಾಫಿ ಕೆಟ್ಟು ಕೂತಿದೆ. ಅದು ನೆಟ್ಟಗಾಗಲೆಂದು ರಾಜಕುಮಾರಿ ನೀಲಾಜಮ್ಮಣ್ಣಿಯವರು ಮೂರು ಒಗಟು ಹಾಕುತ್ತಾರೆ. ಬಿಡಿಸಿದವನಿಗೆ ರಾಜಕುಮಾರಿಯನ್ನು ಕೊಟ್ಟು ಮದುವೆ, ಮೇಲೆ ಅರ್ಧ ರಾಜ್ಯ. ತಪ್ಪಿದವನ ತಲೆ ಭೈರನ ಕತ್ತಿಗೆ!"

ಹೀಗಂತ ಊರೂರಲ್ಲಿ ಡಂಗುರ ಹೊಡೆದರು. ಆ ತಮಟೆಗೆ ಚರ್ಮ ಬಿಗಿದವನು ನಾನೇ. ಏಳು ಬೆಟ್ಟದಾಚೆಯ ಕಿವುಡರೂ ಎದ್ದು ಕೂತರು ಅಂದರೆ ನೀವೇ ಯೋಚನೆ ಮಾಡಿ.

ಆ ರಾಜನ ಹತ್ತಿರ ಹಡಗಿನಲ್ಲಿ ಬಂದ ಕಾಫಿ ಯಂತ್ರವೊಂದಿತ್ತು. ಹೊಟ್ಟೆಯಲ್ಲಿ ಕುದಿಯುವ ನೀರು, ನೆತ್ತಿಯ ಮೇಲೆ ಮೊಳದುದ್ದದ ಹಿಡಿಕೆ. ಹಿಡಿಕೆ ಎಳೆದು ಬಿಟ್ಟರೆ ಜೇನಿನಂಥ ಗಟ್ಟಿ ಕಾಫಿ ಇಳಿಯಬೇಕು. ಪರದೇಶದವರು ಅದಕ್ಕೆ ಎಸ್ಪ್ರೆಸೊ ಅಂತಾರೆ. ಇಳಿಯುತ್ತಿದ್ದದ್ದು ಮಾತ್ರ ಪಾತ್ರೆ ತೊಳೆದ ನೀರು. ಹಿಡಿಕೆಯೋ ಮಹಾ ಮುಂಗೋಪಿ. ಒಮ್ಮೆ ಮಂತ್ರಿಯ ಕೈ ಜಾರಿ, ಅದು ಗದ್ದಕ್ಕೆ ಬಡಿದು, ಅವನ ಹಲ್ಲು ಪಕ್ಕದ ರಾಜ್ಯದಲ್ಲಿ ಸಿಕ್ಕಿತು. ಹುಡುಕಿಕೊಟ್ಟವನು ನಾನೇ.

ಕೆಟ್ಟ ಕಾಫಿಯಿಂದ ಒಂದು ಉಪಕಾರವೂ ಆಗಿತ್ತು. ತಲೆ ಕಡಿಯುವ ಭೈರ ಹೊಟ್ಟೆಗೆ ಒಳ್ಳೆ ಕಾಫಿ ಬೀಳದೆ ಕತ್ತಿ ಮುಟ್ಟುವ ಆಳಲ್ಲ. "ಬುದ್ಧೀ, ಈ ಕಷಾಯ ಕುಡಿದು ಕೈ ಏಳಲ್ಲ" ಅಂತ ಗೋಡೆಗೊರಗಿ ಕೂತುಬಿಟ್ಟಿದ್ದ. ಹಾಗಾಗಿ ಒಗಟು ತಪ್ಪಿದವರೆಲ್ಲ ತಲೆ ಸಮೇತ ಸೆರೆಮನೆಯಲ್ಲಿ ಕಿಕ್ಕಿರಿದಿದ್ದರು. ಅವರಲ್ಲಿ ದೊಡ್ಡಜವರನೂ ಒಬ್ಬ.

ಅವನ ತಮ್ಮ ಸಣ್ಣಜವರ ಬಾವಿಯಲ್ಲಿ ಏತ ಎಳೆದು ತೋಟಕ್ಕೆ ನೀರು ಹಾಯಿಸುವವನು. ಅಣ್ಣನನ್ನು ಬಿಡಿಸಿಕೊಂಡು ಬರಲು ಅರಮನೆಗೆ ಬಂದ. ಸೆರೆಮನೆಯ ಕಿಂಡಿಯಿಂದ ಅಣ್ಣ ಕೂಗಿದ:

"ಲೇ ಸಣ್ಣಾ, ವಾಪಸ್ ಹೋಗೋ! ತಪ್ಪು ಹೇಳಿದರೆ ನೀನೂ ಒಳಗೆ. ಸರಿ ಹೇಳಿದರೆ ಒಳ್ಳೆ ಕಾಫಿ ಬರುತ್ತೆ, ಭೈರ ಕುಡೀತಾನೆ, ಮೊದಲು ಹಾರೋದು ನನ್ನ ತಲೆ!"

"ಏನಾದರೂ ಮಾಡೋಣ ಇರಣ್ಣ. ಅಲ್ಲೀತನಕ ಕುತ್ತಿಗೆ ಒಳಗೆಳಕೊಂಡು ಕೂತಿರು."

ಸಭೆಯಲ್ಲಿ ಅವನ ಪಕ್ಕ ಇನ್ನಿಬ್ಬರು ನಿಂತಿದ್ದರು. ಒಬ್ಬ ಪಾಳೆಯಗಾರನ ಮಗ, ಒಬ್ಬ ಮುತ್ತಿನ ವ್ಯಾಪಾರಿ. ರಾಜಕುಮಾರಿ ಬಲಗೈಗೆ ಎಣ್ಣೆಬಟ್ಟೆ ಸುತ್ತಿಕೊಂಡು ಬಂದಳು. ವಿಷದ ಭಯಕ್ಕೆ ರಾಜ ಮಗಳ ಕೈಯ ಕಾಫಿ ಬಿಟ್ಟು ಬೇರೆ ಕುಡಿಯುತ್ತಿರಲಿಲ್ಲ. ಎಳೆದೆಳೆದು ಅವಳ ತೋಳು ಊದಿತ್ತು.

"ಈ ಯಂತ್ರದಲ್ಲಿ ಒಬ್ಬನಿದ್ದಾನೆ" ಅಂದಳು. "ಹಿಡಿದು ಬಗ್ಗಿಸುವಾಗ ಅವನು ಕೆಲಸ ಮಾಡುವುದಿಲ್ಲ. ಕೈ ಬಿಟ್ಟರೆ ತಾನೇ ದುಡಿಯುತ್ತಾನೆ. ಯಾರವನು?"

"ಬಗ್ಗಿಸಿದರೆ ದುಡಿಯದವನು ನಮ್ಮಪ್ಪನ ಮಂತ್ರಿ!" ಅಂದ ಪಾಳೆಯಗಾರನ ಮಗ. ಸಭೆ ಬಿದ್ದು ಬಿದ್ದು ನಕ್ಕಿತು. ಅವನನ್ನು ಎತ್ತಿಕೊಂಡು ಹೋಗಿ ಸೆರೆಮನೆಗೆ ಹಾಕಿದರು.

ಸಣ್ಣಜವರ ತಲೆ ಕೆರೆದುಕೊಂಡ. "ಅಮ್ಮಣ್ಣಿ, ನಮ್ಮ ಏತಾನೂ ಹಂಗೇ. ತಗ್ಗಿಸೋದು ನಾವು, ನೀರೆತ್ತೋದು ಆ ಕಡೆ ಕಟ್ಟಿರೋ ಕಲ್ಲಿನ ಭಾರ. ಇಲ್ಲಿ ಕಲ್ಲು ಕಾಣಲ್ಲ. ಒಳಗೆ ಸ್ಪ್ರಿಂಗು ಸುತ್ತಿಕೊಂಡಿರಬೇಕು. ಕೈ ಬಿಟ್ಟಾಗ ನೀರನ್ನು ಪುಡಿಯೊಳಕ್ಕೆ ಒತ್ತೋನು ಅವನೇ."

ರಾಜಕುಮಾರಿಯ ಹುಬ್ಬು ಮೇಲೇರಿತು. "ಎರಡನೆಯದು. ತಾಮ್ರದ ಯಂತ್ರ ಹೋಗಿ ಬೆಳ್ಳಿಯದು ಬಂತು. ಬೆಳ್ಳಿಯದು ಹೋಗಿ ಚಿನ್ನದ್ದು ಬಂತು. ಕಾಫಿ ಮಾತ್ರ ಅದೇ ಹಾಳು ರುಚಿ. ನಾವು ಬದಲಾಯಿಸದೆ ಬಿಟ್ಟದ್ದು ಯಾವುದು?"

"ಮಹಾರಾಜರ ನಾಲಿಗೆ" ಅಂದ ವ್ಯಾಪಾರಿ. ಈ ಸಲ ಯಾರೂ ನಗಲಿಲ್ಲ. ಅವನೂ ಹೋದ.

ಸಣ್ಣಜವರ ಒಂದು ಚಿಟಿಕೆ ಕಾಫಿಪುಡಿ ಅಂಗೈ ಮೇಲೆ ಹರಡಿ ನೋಡಿದ. ಒಂದೇ ಪುಡಿಯಲ್ಲಿ ನುಚ್ಚೂ ಇತ್ತು, ರವೆಯೂ ಇತ್ತು, ಧೂಳೂ ಇತ್ತು. "ಬೀಸೋ ಕಲ್ಲು, ಅಮ್ಮಣ್ಣಿ! ಪಾತಿಯಲ್ಲಿ ಮಣ್ಣಿನ ಹೆಂಟೆ ಬಿಟ್ಟರೆ ನೀರು ಸಂದಿ ಹಿಡಿದು ಓಡುತ್ತೆ, ಬೇರಿಗೆ ಇಳಿಯಲ್ಲ. ಇಲ್ಲೂ ಅದೇ ಆಗಿರೋದು. ಯಂತ್ರ ಚಿನ್ನದ್ದು ತಂದಿರಿ, ಕಲ್ಲು ಮುತ್ತಜ್ಜಿ ಕಾಲದ್ದೇ ಉಳಿಸಿದಿರಿ."

ತಕ್ಷಣ ಹೊಸ ಕಲ್ಲು ತರಿಸಿ ಬೀಸಿದರು. ರಾಜಕುಮಾರಿ ಹಲ್ಲು ಕಚ್ಚಿ ಹಿಡಿಕೆ ಎಳೆದು ಬಿಟ್ಟಳು. ಇಲಿಬಾಲದಷ್ಟು ಸಣ್ಣಗೆ, ಕಂದು ಬಣ್ಣದ ಕಾಫಿ ಇಳಿಯಿತು. ಆ ಘಮಕ್ಕೆ ಅರಮನೆಯ ಗೋಡೆಯ ಮೇಲೆ ಬರೆದ ಆನೆಗಳು ಸೊಂಡಿಲು ಎತ್ತಿದವು. ಸುಳ್ಳಾದರೆ ನನ್ನ ಮೀಸೆ ಬೋಳಿಸಿ.

ಭೈರ ಕಣ್ಣು ಬಿಟ್ಟ. ಒಂದು ಬಟ್ಟಲು ಕುಡಿದ. ಎದ್ದು ನಿಂತ. ಕತ್ತಿಯ ಅಲಗಿನ ಮೇಲೆ ಹೆಬ್ಬೆರಳು ಆಡಿಸಿದ.

"ಹೇಳಿರಲಿಲ್ವೇನೋ ಸಣ್ಣಾ!" ಅಂತ ಕಿಂಡಿಯಿಂದ ಅಣ್ಣನ ಗೋಳು ಕೇಳಿಸಿತು.

"ತಡಿ ಭೈರ" ಅಂದ ರಾಜ, ಬಟ್ಟಲು ನೆಕ್ಕುತ್ತಾ. "ಇನ್ನೊಂದು ಒಗಟಿದೆ. ಇವನು ತಪ್ಪಿದರೆ ಇವನದ್ದೂ ಸೇರಿಸಿ ಒಂದೇ ಸಲ ಮುಗಿಸು."

ರಾಜಕುಮಾರಿ ಎರಡು ಹೊಸ ಯಂತ್ರಗಳ ಮೇಲಿನ ಬಟ್ಟೆ ಸರಿಸಿದಳು. "ಇದು ಸಣ್ಣದು, ಒಬ್ಬರ ಬಟ್ಟಲಿಗೆ. ಅದು ದೊಡ್ಡದು, ಎರಡು ಹಿಡಿಕೆ, ಇಡೀ ಸಭೆಗೆ ಸಾಲುತ್ತೆ. ಅದರ ಸ್ಪ್ರಿಂಗು ಹುಲಿಯಷ್ಟು ಬಿರುಸು. ಎರಡರಲ್ಲಿ ಯಾವುದು ಮೇಲು?"

ಸಣ್ಣಜವರ ಯಂತ್ರಗಳ ಕಡೆ ನೋಡಲೇ ಇಲ್ಲ. ಅವಳ ಊದಿದ ತೋಳು ನೋಡಿದ, ಬಾಯಿ ಚಪ್ಪರಿಸುತ್ತಿದ್ದ ಸಭೆ ನೋಡಿದ, ಕತ್ತಿ ಹಿಡಿದ ಭೈರನನ್ನು ನೋಡಿದ.

"ಎಳೆಯೋ ತೋಳಿಗೆ ಒಪ್ಪೋದೇ ಮೇಲು, ಅಮ್ಮಣ್ಣಿ. ನೀವು ಎಳೆಯೋದಾದರೆ ಸಣ್ಣದು. ಆದರೆ ಸಭೆಯವರೆಲ್ಲ ಬಾಯಾರಿ ಸಾಯ್ತಾರೆ. ದೊಡ್ಡದು ಬೇಕು ಅಂದರೆ ಈ ಅರಮನೆಯಲ್ಲಿ ಅದಕ್ಕೆ ತಕ್ಕ ತೋಳು ಇರೋದು ಒಂದೇ. ಭೈರಣ್ಣಂದು."

"ಸರಿ!" ಅಂದಳು ನೀಲಾಜಮ್ಮಣ್ಣಿ, ಎಣ್ಣೆಬಟ್ಟೆ ಕಿತ್ತೆಸೆದು. "ಅಪ್ಪಾಜಿ, ಇನ್ನು ಕಾಫಿ ಭೈರ ಮಾಡಲಿ. ಮೊದಲ ಗುಟುಕು ಅವನೇ ಕುಡಿದು ತೋರಿಸಲಿ."

ಭೈರ ಕತ್ತಿ ಕೆಳಗಿಟ್ಟು ಹಿಡಿಕೆ ಹಿಡಿದ. ಸಭೆಯೆಲ್ಲ ಬಟ್ಟಲು ಹಿಡಿದು ಮುಗಿಬಿತ್ತು. "ಭೈರಪ್ಪಾ ನನಗೆ!" "ಭೈರಣ್ಣ, ನಂದು ಸ್ವಲ್ಪ ಗಟ್ಟಿ!" ಎರಡು ಸುತ್ತು ಮುಗಿಯುವುದರೊಳಗೆ ಮೂರನೆಯ ಸುತ್ತಿಗೆ ಸಾಲು ನಿಂತಿತು.

ರಾಜನಿಗೆ ಆಗ ನೆನಪಾಯಿತು. "ಲೋ ಭೈರ, ತಲೆಗಳು ಬಾಕಿ ಇವೆಯಲ್ಲೋ!"

"ಬುದ್ಧೀ, ನನಗಿರೋದು ಇವೇ ಎರಡು ಕೈ. ಹಿಡಿಕೆ ಎಳೀಲೋ, ತಲೆ ಕಡೀಲೋ?"

ರಾಜ ಖಾಲಿ ಬಟ್ಟಲು ನೋಡಿದ. ಸೆರೆಮನೆ ನೋಡಿದ. ಮತ್ತೆ ಬಟ್ಟಲು ನೋಡಿದ. "ಹಿಡಿಕೆ ಎಳಿ. ಅವರನ್ನೆಲ್ಲ ಬಿಟ್ಟು ಬೀಸೋ ಕಲ್ಲಿಗೆ ಕೂರಿಸಿ, ಪುಡಿ ಸಾಲ್ತಿಲ್ಲ!"

ಮೊದಲು ಓಡಿ ಬಂದವನು ದೊಡ್ಡಜವರ. ತಮ್ಮನನ್ನು ತಬ್ಬಿಕೊಂಡು, ತನ್ನ ಕುತ್ತಿಗೆ ಮುಟ್ಟಿ ಮುಟ್ಟಿ ನೋಡಿಕೊಂಡು, ನಗುತ್ತಾ ಕಲ್ಲಿನ ಗೂಟ ಹಿಡಿದ. ರಾಜಕುಮಾರಿ ತೋಳು ವಾಸಿಯಾದ ದಿನ ಅದೇ ಕೈಯಿಂದ ಸಣ್ಣಜವರನಿಗೆ ಮಾಲೆ ಹಾಕಿದಳು. ಅರ್ಧ ರಾಜ್ಯವೂ ಬಂತು.

ಮದುವೆಯ ದಿನ ಭೈರ ಎಳೆದುಕೊಟ್ಟ ಒಂದು ಬಟ್ಟಲು ನಾನೂ ಕುಡಿದೆ. ಅವತ್ತಿನಿಂದ ಇವತ್ತಿನವರೆಗೂ ನನಗೆ ನಿದ್ದೆ ಬಂದಿಲ್ಲ. ನಿಮಗೆ ಬಂದಿದ್ದರೆ ಹೋಗಿ ಮಲಗಿ.