ತೂಬಿನ ಪಕ್ಕದ ಗದ್ದೆ

"ಗುರುಗಳೇ, ಊರವರು ಪ್ರೀತಿಯಿಂದ ಕೊಡಲು ಬಂದ ಹೊಲವನ್ನು ಯಾಕೆ ಬೇಡವೆಂದಿರಿ?" ಎಂದು ಶಿಷ್ಯ ಕೇಳಿದ.

ಆ ಊರಿನ ಜಗಳಗಳನ್ನು ಗುರುಗಳೇ ಬಹಳ ಕಾಲದಿಂದ ತೀರಿಸುತ್ತ ಬಂದಿದ್ದರು. ಅಂದು ಬೆಳಿಗ್ಗೆ ಹಿರಿಯರು ಬಂದು, ನಮ್ಮ ಎಲ್ಲೆಯೊಳಗೆ ನಿಮಗೂ ಒಂದು ಹೊಲ ಇರಲಿ ಎಂದು ಕೈಮುಗಿದಿದ್ದರು. ಗುರುಗಳು ಅವರಿಗೆ ಮಜ್ಜಿಗೆ ಕೊಟ್ಟು ಕಳಿಸಿದ್ದರು. ಹೊಲ ತೆಗೆದುಕೊಂಡಿರಲಿಲ್ಲ.

"ಕೂತುಕೋ, ಹೇಳುತ್ತೇನೆ," ಎಂದರು ಗುರುಗಳು.

ಒಂದು ಚಿಕ್ಕ ಊರು. ಕಾಡು ಕಡಿದುಕೊಂಡು ಬಂದ ಕೆಲವೇ ಮನೆಯವರು ಬುಟ್ಟಿಯಲ್ಲಿ ಮಣ್ಣು ಹೊತ್ತು ಕೆರೆ ಕಟ್ಟಿದರು. ಆಮೇಲೆ ಕೆರೆಯ ಕೆಳಗೆ ಗದ್ದೆ ಮಾಡಿಕೊಂಡರು. ತೂಬು ತೆಗೆದು ಸರದಿಯಂತೆ ನೀರು ಬಿಡಲು ಒಬ್ಬ ನೀರುಗಂಟಿಯನ್ನು ನೇಮಿಸಿದರು. ಅವನಿಗೆ ಒಂದೇ ಕಟ್ಟಳೆ. ಆ ಕೆರೆಯ ಕೆಳಗೆ ಅವನಿಗೆ ಗೇಣು ಗದ್ದೆಯೂ ಇರಕೂಡದು. ಬದಲಿಗೆ ಸುಗ್ಗಿಯಲ್ಲಿ ಪ್ರತಿ ಕಣದಲ್ಲೂ ಅವನ ಪಾಲು ಮೊದಲು. ಅವನು ಎತ್ತಿಕೊಳ್ಳುವ ತನಕ ರೈತನೇ ತನ್ನ ರಾಶಿಗೆ ಮೊರ ಹಾಕುತ್ತಿರಲಿಲ್ಲ.

ತಂದೆಯ ನಂತರ ಮಗ, ಮಗನ ನಂತರ ಮೊಮ್ಮಗ ತೂಬು ನೋಡಿಕೊಂಡರು. ನೀರುಗಂಟಿ ನಾಳೆ ಎಂದರೆ ನಾಳೆ. ಸಾಕು ಎಂದರೆ ಸಾಕು. ಯಾರೂ ಕೆರೆ ಏರಿಯ ಮೇಲೆ ಹೋಗಿ ನೋಡಿದವರಲ್ಲ. ಆ ಊರಿನವರು ಬೇಲಿಗಾಗಿ ಹೊಡೆದಾಡಿದರು, ಮದುವೆ ಊಟದ ಪಂಕ್ತಿಗೆ ಮುನಿಸಿಕೊಂಡರು. ನೀರಿಗಾಗಿ ಮಾತ್ರ ಜಗಳವಾಡಲಿಲ್ಲ.

ಒಂದು ವರ್ಷ ಮಳೆ ಜೋರಾಯಿತು. ಹೆಚ್ಚಾದ ನೀರು ಹೊರಬೀಳುವ ಕೋಡಿಗೆ ಮರವೊಂದು ಅಡ್ಡ ಬಿದ್ದಿತು. ಏರಿ ಒಡೆಯುವುದರಲ್ಲಿತ್ತು. ಆಗ ನೀರುಗಂಟಿಯಾಗಿದ್ದ ಮೊಮ್ಮಗ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದು ಮರ ಕಡಿದ. ಊರು ಉಳಿಯಿತು. ಅವನ ಒಂದು ಕಾಲು ಊನವಾಯಿತು.

ಊರವರು ಸೇರಿದರು. ಹಿರಿಯನಾದ ಒಬ್ಬ ರೈತ, "ತೂಬಿನ ಪಕ್ಕದ ನನ್ನ ಗದ್ದೆ ಅವನಿಗಿರಲಿ. ಪಾಪ, ಉಳುಮೆಗೆಂದು ಕುಂಟಿಕೊಂಡು ದೂರ ಹೋಗುವುದು ಬೇಡ," ಎಂದ. ಎಲ್ಲರೂ ತಲೆದೂಗಿದರು. ಉಪ್ಪು ಮಾರಲು ಬಂದಿದ್ದ ಒಬ್ಬ ವ್ಯಾಪಾರಿ ಮಾತ್ರ ನಡುವೆ ಬಾಯಿ ಹಾಕಿದ.

"ಮನೆ ಕಟ್ಟಿಸಿ ಕೊಡಿ, ಹಸು ಕೊಡಿ, ಗುಡ್ಡದ ಆಚೆ ಬೇಕಾದಷ್ಟು ಹೊಲ ಕೊಡಿ. ಈ ಕೆರೆಯ ಕೆಳಗೆ ಬೇಡ. ಈಗ ಎಲ್ಲರ ಪೈರೂ ಅವನದೇ. ಒಂದು ಗದ್ದೆ ಕೊಟ್ಟರೆ ಅದೊಂದೇ ಅವನದಾಗುತ್ತದೆ."

"ಸೆಟ್ಟರೇ, ನಿಮ್ಮ ತಕ್ಕಡಿ ಬುದ್ಧಿ ಸಂತೆಯಲ್ಲಿರಲಿ. ಪ್ರಾಣ ಕೊಡಲು ಹೋದವನನ್ನು ನಾವು ತೂಗುವುದಿಲ್ಲ," ಎಂದ ರೈತ. ಜನ ನಕ್ಕರು. ವ್ಯಾಪಾರಿ ಚೀಲ ಹೇರಿಕೊಂಡು ಹೊರಟುಹೋದ.

ಕೆಲವು ವರ್ಷ ಕೆರೆ ತುಂಬಿತು. ಯಾರಿಗೂ ಏನೂ ಅನ್ನಿಸಲಿಲ್ಲ.

ಆಮೇಲೆ ಒಂದು ವರ್ಷ ಕೆರೆ ಅರ್ಧಕ್ಕೇ ನಿಂತಿತು. ತೆನೆ ಹಾಲು ತುಂಬುವ ಹೊತ್ತಿಗೆ ತಳ ಕಾಣತೊಡಗಿತು. ನೀರುಗಂಟಿ ಎಲ್ಲರ ಸರದಿಯನ್ನೂ ಕಡಿಮೆ ಮಾಡಿದ. ತನ್ನ ಗದ್ದೆಗೆ ಒಂದು ಸರದಿಯೂ ನೀರು ಹರಿಸಲಿಲ್ಲ. ಆದರೂ ಅವನ ಪೈರು ಹಸಿರಾಗಿಯೇ ನಿಂತಿತ್ತು. ಏರಿಯಿಂದ ಜಿನುಗುವ ನೀರೇ ಆ ನೆಲಕ್ಕೆ ಸಾಕಾಗಿತ್ತು.

ಮೊದಲು ಒಬ್ಬ ಏರಿಯ ಮೇಲೆ ಬಂದು ಕೂತ. ಸುಮ್ಮನೆ ಗಾಳಿಗೆ ಬಂದೆ ಎಂದ. ಮರುದಿನ ಇನ್ನಷ್ಟು ಜನ ಬಂದರು. ಆಮೇಲೆ ಬಂದವರ ಕೈಯಲ್ಲಿ ದೊಣ್ಣೆಯಿತ್ತು. ನೀರುಗಂಟಿ ತೂಬಿನ ಕಡೆ ಹೆಜ್ಜೆಯಿಟ್ಟರೆ ಅಷ್ಟೂ ತಲೆಗಳು ತಿರುಗುತ್ತಿದ್ದವು.

ಕೊನೆಗೆ ಗದ್ದೆ ಕೊಟ್ಟ ರೈತನೇ ಬಾಯಿ ಬಿಟ್ಟ. "ಏನಯ್ಯಾ, ನಿನ್ನ ಗದ್ದೆಯೊಂದಕ್ಕೆ ಬೇರೆ ಮಳೆ ಬಿತ್ತೇನು?"

"ಇದು ಏರಿಯಡಿಯ ಜವುಗು, ಗೌಡರೇ. ನೀವೇ ಉತ್ತ ನೆಲ, ನಿಮಗೆ ಗೊತ್ತಿಲ್ಲವೇ? ಬೇಕಾದರೆ ಅಗೆದು ನೋಡಿ."

"ಅಗೆದರೆ ನೀರು ಬರುತ್ತದೆ, ಸರಿ. ಅದು ಅಡಿಯಿಂದ ಬಂತೋ ತೂಬಿನಿಂದ ಬಂತೋ, ನೀರು ಬಾಯಿ ಬಿಟ್ಟು ಹೇಳುತ್ತದೇನು?"

ನೀರುಗಂಟಿ ಮನೆಗೆ ಹೋಗಿ ತನ್ನ ಎತ್ತುಗಳನ್ನು ಬಿಚ್ಚಿ ತಂದು ಹಾಲು ತುಂಬಿದ ಪೈರಿಗೆ ಬಿಟ್ಟ. ಅವು ಮೇಯ್ದು ತುಳಿದು ಮುಗಿಸುವ ತನಕ ಬದುವಿನ ಮೇಲೆ ನಿಂತೇ ಇದ್ದ. ಜನ ಏರಿಯಿಂದ ಇಳಿದು ಮನೆಗೆ ಹೋಗಲಿ, ಅವನಿಗೆ ಬೇಕಾದದ್ದು ಅಷ್ಟೇ.

ಜನ ಹೋಗಲಿಲ್ಲ. "ಕದಿಯದವನು ತನ್ನ ಅನ್ನಕ್ಕೆ ತಾನೇ ದನ ಬಿಡುತ್ತಾನೇನ್ರೋ?" ಎಂದು ಒಬ್ಬ ಕೂಗಿದ. ನೂಕಾಟವಾಯಿತು. ಯಾರೋ ತೂಬಿನ ಬೆಣೆ ಕಿತ್ತರು. ಒಬ್ಬೊಬ್ಬರೂ ತಮ್ಮ ತಮ್ಮ ಗದ್ದೆಯ ಕಡೆಗೆ ಕಾಲುವೆ ಒಡೆದುಕೊಂಡರು, ಅಡ್ಡ ಬಂದವರ ಮೇಲೆ ದೊಣ್ಣೆ ಬೀಸಿದರು. ಒಡೆದ ಕಾಲುವೆಗಳಿಂದ ನೀರೆಲ್ಲ ಹಳ್ಳಕ್ಕೆ ಹರಿಯಿತು. ಸಂಜೆಯೊಳಗೆ ಕೆರೆ ಬರಿದಾಯಿತು. ಆ ಸುಗ್ಗಿಗೆ ಯಾವ ಕಣದಲ್ಲೂ ರಾಶಿ ಬೀಳಲಿಲ್ಲ.

ನೀರುಗಂಟಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟ. ಮರುವರ್ಷ ಕೆರೆ ತುಂಬಿತು. ತೂಬು ಮುಟ್ಟಲು ಹೋದವನನ್ನೆಲ್ಲ ಉಳಿದವರು ತಡೆದರು. ತುಂಬಿದ ಕೆರೆಯ ಕೆಳಗೆ ಗದ್ದೆಗಳು ಬೀಳುಬಿದ್ದವು.

ಗುರುಗಳು ಕತೆ ನಿಲ್ಲಿಸಿದರು.

"ಆದರೂ ಗುರುಗಳೇ, ಅವನು ಒಂದು ಸಲವಾದರೂ ನೀರಿನಲ್ಲಿ ಮೋಸ ಮಾಡಿರಬಹುದಲ್ಲವೇ?"

"ಗದ್ದೆಯಿಲ್ಲದ ಅವನ ಅಪ್ಪ, ಅಜ್ಜಂದಿರ ಕತೆ ಹೇಳುವಾಗ ನಿನಗೆ ಈ ಅನುಮಾನ ಬರಲಿಲ್ಲವಲ್ಲ," ಎಂದರು ಗುರುಗಳು.